ಇಳಿದು ನೋಡುವವರು ಯಾರು?
ರೈಲ್ವೆ ಗೇಟಿನ ಹೊಣೆಗಾರಿಕೆಯ ಇತಿಹಾಸ

ಹಳೆಯ ಬಸ್ ಪ್ರಯಾಣಗಳು ನಿಮಗೆ ನೆನಪಿದ್ದರೆ ಈ ದೃಶ್ಯವೂ ನೆನಪಿರಬಹುದು. ಊರಾಚೆಯ ಬಯಲಿನಲ್ಲಿ ರಸ್ತೆಗೆ ಅಡ್ಡಲಾಗಿ ರೈಲು ಹಳಿ. ಗೇಟಿಲ್ಲ, ಕಾವಲುಗಾರನಿಲ್ಲ. ಚಾಲಕ ಹಳಿಗಿಂತ ಸ್ವಲ್ಪ ಈಚೆಗೆ ಬಸ್ಸನ್ನು ನಿಲ್ಲಿಸುತ್ತಾನೆ. ಕಂಡಕ್ಟರು ಹೆಗಲ ಚೀಲವನ್ನು ಸರಿಪಡಿಸಿಕೊಂಡು ಕೆಳಗಿಳಿಯುತ್ತಾನೆ. ಹಳಿಯವರೆಗೆ ನಡೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ‘ರೈಟ್ ರೈಟ್’ ಎಂದು ಕೈಬೀಸುತ್ತಾನೆ. ಬಸ್ಸು ಆಚೆ ದಾಟಿದ ಮೇಲೆ ಓಡಿ ಬಂದು ಹತ್ತಿಕೊಳ್ಳುತ್ತಾನೆ. ಒಳಗೆ ಕುಳಿತವರಿಗೆ ಅದೊಂದು ವಾಡಿಕೆಯಂತೆ ಕಾಣುತ್ತಿತ್ತು. ಹೊತ್ತಾಯಿತೆಂದು ಗೊಣಗಿದವರೂ ಉಂಟು.

ಆ ಒಂದು ನಿಮಿಷದ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ವಾದವಿವಾದ ಇದೆ. ರೈಲೂ ರಸ್ತೆಯೂ ಒಂದೇ ಮಟ್ಟದಲ್ಲಿ ಸಂಧಿಸುವ ಜಾಗದಲ್ಲಿ ಜನರ ಪ್ರಾಣ ಕಾಯುವ ಹೊಣೆ ಯಾರದು? ರೈಲಿನವರದೋ, ರಸ್ತೆಯವರದೋ? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಒಮ್ಮೆ ಹಿಂತಿರುಗಿ ನೋಡೋಣ. ಏಕೆಂದರೆ ನಾಳೆ ಬೆಳಿಗ್ಗೆ ನೀವು ಹಳಿ ದಾಟುವಾಗ ಆ ಪ್ರಶ್ನೆ ಮತ್ತೆ ಏಳುತ್ತದೆ.

ಬೆಣ್ಣೆ ಮತ್ತು ಮೊಟ್ಟೆಯ ಗಾಡಿ

ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದಿರುವ ಒಂದು ಕಥೆಯಿದೆ. 1833ರಲ್ಲಿ ಲೆಸ್ಟರ್–ಸ್ವಾನಿಂಗ್ಟನ್ ರೈಲು ಮಾರ್ಗದಲ್ಲಿ ‘ಸ್ಯಾಮ್ಸನ್’ ಎಂಬ ಇಂಜಿನ್ ಸಾಗುತ್ತಿತ್ತು. ಥಾರ್ನ್‌ಟನ್ ಎಂಬಲ್ಲಿ ರಸ್ತೆ ಹಳಿಯನ್ನು ದಾಟುತ್ತದೆ. ಬೆಣ್ಣೆ, ಮೊಟ್ಟೆ ಹೇರಿಕೊಂಡು ಸಂತೆಗೆ ಹೊರಟಿದ್ದ ಕುದುರೆ ಗಾಡಿಯೊಂದು ಆ ವೇಳೆಗೆ ಹಳಿಯ ಮೇಲೆ ಬಂತು. ಇಂಜಿನ್ ಚಾಲಕ ಬಾಯಿಂದ ಊದುವ ಕೊಂಬನ್ನು ಊದಿದ. ಗಾಡಿಯವನಿಗೆ ಅದು ಕೇಳಿಸಲಿಲ್ಲ. ಇಂಜಿನ್ ಗಾಡಿಗೆ ಬಡಿಯಿತು. ಇದಾದ ಮೇಲೆ ಉಗಿಯ ಬಲದಿಂದಲೇ ಕೂಗುವ ಸಾಧನವೊಂದನ್ನು ಇಂಜಿನ್ನಿಗೆ ಅಳವಡಿಸಲಾಯಿತಂತೆ. ಕಥೆಯ ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯ ಇದ್ದರೂ, ರೈಲಿನ ಸಿಳ್ಳೆಯ ಹುಟ್ಟನ್ನು ಜನ ಒಂದು ಲೆವೆಲ್ ಕ್ರಾಸಿಂಗಿಗೆ ಗಂಟುಹಾಕಿರುವುದು ಗಮನಿಸಬೇಕಾದ ಸಂಗತಿ.

ಸಿಳ್ಳೆ ಎಂದರೆ ಎಚ್ಚರಿಕೆ. ಎಚ್ಚರಿಸುವುದು ರೈಲಿನ ಕೆಲಸ, ಕೇಳಿ ನಿಲ್ಲುವುದು ಗಾಡಿಯವನ ಕೆಲಸ. ಹೊಣೆಗಾರಿಕೆಯ ಮೊದಲ ಹಂಚಿಕೆ ಇದು. ಆದರೆ ಬ್ರಿಟಿಷ್ ಸಂಸತ್ತಿಗೆ ಇಷ್ಟು ಸಾಲದೆಂದು ತೋರಿತು. 1839ರಿಂದ ಆರಂಭಿಸಿ ಒಂದರ ಹಿಂದೆ ಒಂದು ಕಾನೂನು ಬಂತು. 1845ರ ಕಾನೂನು ಸಾರ್ವಜನಿಕ ಗಾಡಿರಸ್ತೆಯನ್ನು ರೈಲು ದಾಟುವಲ್ಲಿ ಎರಡೂ ಬದಿಗೆ ಭದ್ರವಾದ ಗೇಟು ಇರಬೇಕು, ಅದನ್ನು ತೆರೆದು ಮುಚ್ಚಲು ಆಳನ್ನು ನೇಮಿಸಬೇಕು ಎಂದು ವಿಧಿಸಿತು. ಇನ್ನೂ ಒಂದು ಮಾತನ್ನು ಅದು ಸೇರಿಸಿತು: ಆ ಗೇಟು ರಸ್ತೆಗೆ ಅಡ್ಡಲಾಗಿ ಸದಾ ಮುಚ್ಚಿರಬೇಕು, ದನಕರುವೋ ಗಾಡಿಯೋ ದಾಟಬೇಕಾದಾಗ ಮಾತ್ರ ತೆರೆಯಬೇಕು. ಹೊಸದಾಗಿ ಬಂದ ರೈಲಿಗಾಗಿ ನೂರಾರು ವರ್ಷಗಳ ಹಳೆಯ ರಸ್ತೆ ಕಾದು ನಿಲ್ಲಬೇಕಾಯಿತು. ಅದಕ್ಕೆ ಬದಲಾಗಿ, ಕಾಯುವವನ ಪ್ರಾಣದ ಹೊಣೆಯನ್ನು ರೈಲ್ವೆ ಕಂಪನಿ ಹೊರಬೇಕಾಯಿತು.

ನಮ್ಮ ದೇಶದಲ್ಲಿ 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. 1890ರ ಭಾರತೀಯ ರೈಲ್ವೆ ಕಾಯ್ದೆಯ 13ನೇ ಕಲಂ, ಸಾರ್ವಜನಿಕ ರಸ್ತೆಯನ್ನು ರೈಲು ದಾಟುವ ಕಡೆಗಳಲ್ಲಿ ಗೇಟು, ಸರಪಳಿ ಹಾಕಬೇಕೆಂದೂ ಅವನ್ನು ತೆರೆದು ಮುಚ್ಚಲು ಜನರನ್ನು ನೇಮಿಸಬೇಕೆಂದೂ ರೈಲ್ವೆಗೆ ಆದೇಶ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಇಂಗ್ಲೆಂಡಿನ ಕಾನೂನು ‘ಇಡಲೇಬೇಕು’ ಎಂದಿತ್ತು. ಇಲ್ಲಿಯ ಕಾನೂನು ‘ಸರ್ಕಾರ ಹೇಳಿದರೆ ಇಡಬೇಕು’ ಎಂದಿತು. ಈ ಅಂತರದಲ್ಲಿಯೇ ಸಾವಿರಾರು ಕಾವಲಿಲ್ಲದ ಕ್ರಾಸಿಂಗುಗಳು ಉಳಿದುಬಂದವು. ಎತ್ತಿನ ಗಾಡಿ ದಿನಕ್ಕೆ ಹತ್ತು ಬಾರಿ ದಾಟುವ, ರೈಲು ದಿನಕ್ಕೆ ಎರಡು ಬಾರಿ ಬರುವ ಕಾಲಕ್ಕೆ ಅದು ಅಷ್ಟೇನೂ ದೊಡ್ಡ ಕೊರತೆಯಾಗಿ ಕಾಣಿಸಿರಲಾರದು.

ನಿಲ್ಲಲಾರದ ಬಂಡಿ

ಮುಂದೆ ಹೋಗುವ ಮೊದಲು ಒಂದು ಸರಳ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಿ. ಕಾವಲಿಲ್ಲದ ಕ್ರಾಸಿಂಗಿಗೆ ಸುಮಾರು 600 ಮೀಟರ್ ಮೊದಲೇ ಹಳಿಯ ಪಕ್ಕದಲ್ಲಿ ಒಂದು ಫಲಕ ನೆಡುತ್ತಿದ್ದರು. ಅಲ್ಲಿಂದ ಇಂಜಿನ್ ಚಾಲಕ ಸಿಳ್ಳೆ ಹಾಕುತ್ತ ಬರಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಂದರೆ ಸಿಳ್ಳೆ ಶುರುವಾದ ಸುಮಾರು 21 ಸೆಕೆಂಡಿನಲ್ಲಿ ರೈಲು ಕ್ರಾಸಿಂಗಿನ ಮೇಲಿರುತ್ತದೆ. ಹೇರು ತುಂಬಿದ ಎತ್ತಿನ ಗಾಡಿ ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ, ಹಳಿಯ ಈಚೆಯಿಂದ ಆಚೆಗೆ ಪೂರ್ತಿ ದಾಟಲು ಅದಕ್ಕೆ ಬೇಕಾಗುವ ಸಮಯವೂ ಇದಕ್ಕಿಂತ ಬಹಳ ಕಡಿಮೆಯೇನಲ್ಲ.

ರೈಲೇಕೆ ನಿಲ್ಲಬಾರದು ಎಂದು ನೀವು ಕೇಳಬಹುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ತೀರಾ ಕಡಿಮೆ. ಸಾವಿರಾರು ಟನ್ ಭಾರವನ್ನು ಒಂದು ಇಂಜಿನ್ ಎಳೆಯಬಲ್ಲುದಕ್ಕೆ ಅದೇ ಕಾರಣ. ಹಾಗೆಯೇ ಅದು ಬೇಗ ನಿಲ್ಲಲಾರದ್ದಕ್ಕೂ ಅದೇ ಕಾರಣ. ಆ ವೇಗದ ರೈಲು ತುರ್ತಾಗಿ ಬ್ರೇಕು ಹಾಕಿದರೂ ನಿಲ್ಲಲು ಒಂದು ಕಿಲೋಮೀಟರಿನಷ್ಟು ದೂರ ಬೇಕಾಗಬಹುದು. ಬಸ್ಸು ಹಳಿಯ ಮೇಲಿರುವುದು ಇಂಜಿನ್ ಚಾಲಕನ ಕಣ್ಣಿಗೆ ಬೀಳುವ ವೇಳೆಗೆ ಅವನು ಮಾಡಬಹುದಾದ್ದು ಬಹುಪಾಲು ಮುಗಿದಿರುತ್ತದೆ.

ರಸ್ತೆಯವನ ಕಣ್ಣಿಗೂ ಒಂದು ಮಿತಿಯಿದೆ. 1985ರಲ್ಲಿ ಹರ್ಷೆಲ್ ಲೀಬೊವಿಟ್ಜ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ವಿಚಾರವನ್ನು ಮುಂದಿಟ್ಟರು: ಗಾತ್ರದಲ್ಲಿ ದೊಡ್ಡದಾದ ವಸ್ತು ನಿಜಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ನಮ್ಮ ಕಣ್ಣಿಗೆ ತೋರುತ್ತದೆ. ಅದರಲ್ಲೂ ನೇರವಾಗಿ ನಮ್ಮತ್ತ ಬರುವ ರೈಲು ಬಹುಹೊತ್ತು ಒಂದೇ ಕಡೆ ನಿಂತಂತೆ ಕಂಡು, ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ‘ಇನ್ನೂ ದೂರ ಇದೆ, ದಾಟಿಬಿಡಬಹುದು’ ಎಂದುಕೊಳ್ಳುವವನು ಯಾವಾಗಲೂ ದುಡುಕಿನವನೇ ಆಗಿರಬೇಕಿಲ್ಲ. ಅವನ ಕಣ್ಣೇ ಅವನಿಗೆ ಮೋಸ ಮಾಡಿರಬಹುದು.

ಇಬ್ಬರು ನ್ಯಾಯಮೂರ್ತಿಗಳ ವಾದ

ಮೋಟಾರು ವಾಹನಗಳು ಹೆಚ್ಚಾದಾಗ ಈ ಪ್ರಶ್ನೆ ನ್ಯಾಯಾಲಯಗಳ ಮೆಟ್ಟಿಲೇರಿತು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಏಳು ವರ್ಷಗಳ ಅಂತರದಲ್ಲಿ ಬಂದ ಎರಡು ತೀರ್ಪುಗಳನ್ನು ಇಲ್ಲಿ ಹೇಳಲೇಬೇಕು.

ಮೊದಲನೆಯದು 1927ರ ಗುಡ್‌ಮನ್ ಪ್ರಕರಣ. ಟ್ರಕ್ ಓಡಿಸುತ್ತ ಹಳಿ ದಾಟುವಾಗ ಒಬ್ಬಾತ ರೈಲಿಗೆ ಸಿಕ್ಕಿ ಸತ್ತಿದ್ದ. ಅವನು ವೇಗ ತಗ್ಗಿಸಿದ್ದ, ಆದರೆ ಹಳಿಯ ತೀರಾ ಹತ್ತಿರ ಬರುವವರೆಗೆ ರೈಲು ಅವನಿಗೆ ಕಾಣುವಂತಿರಲಿಲ್ಲ. ತೀರ್ಪು ಬರೆದವರು ಹೆಸರಾಂತ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. ರೈಲು ತನಗಾಗಿ ನಿಲ್ಲುವುದಿಲ್ಲ, ತಾನೇ ನಿಲ್ಲಬೇಕು ಎಂಬುದು ಚಾಲಕನಿಗೆ ಗೊತ್ತಿರಬೇಕು; ಕಾಣದಿದ್ದರೆ ಅವನು ಗಾಡಿ ನಿಲ್ಲಿಸಿ, ಕೆಳಗಿಳಿದು ನೋಡಬೇಕು; ಹಾಗೆ ಮಾಡದೆ ಮುಂದುವರಿದರೆ ಅಪಾಯ ಅವನದೇ ಎಂಬುದು ಅವರ ನಿಲುವು. ಗುಡ್‌ಮನ್‌ನ ಪತ್ನಿಗೆ ಪರಿಹಾರ ದೊರೆಯಲಿಲ್ಲ.

ಎರಡನೆಯದು 1934ರ ಪೊಕೊರಾ ಪ್ರಕರಣ. ಐಸ್ ವ್ಯಾಪಾರಿಯೊಬ್ಬ ತನ್ನ ಟ್ರಕ್ಕಿನಲ್ಲಿ ಹಳಿ ದಾಟಬೇಕಿತ್ತು. ಮೊದಲ ಹಳಿಯ ಮೇಲೆ ಸಾಲಾಗಿ ನಿಂತಿದ್ದ ಗೂಡ್ಸ್ ಬಂಡಿಗಳು ಅವನ ನೋಟಕ್ಕೆ ಅಡ್ಡವಾಗಿದ್ದವು. ಅವನು ನಿಂತ, ನೋಡಿದ, ಆಲಿಸಿದ. ಗಂಟೆಯೂ ಇಲ್ಲ, ಸಿಳ್ಳೆಯೂ ಇಲ್ಲ. ಮುಂದೆ ಸಾಗಿದಾಗ ಆಚೆಯ ಮುಖ್ಯ ಹಳಿಯ ಮೇಲೆ ಬಂದ ರೈಲು ಬಡಿಯಿತು. ಈ ಬಾರಿ ತೀರ್ಪು ಬರೆದ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಅವರು, ಇಳಿದು ನೋಡುವುದು ಎಲ್ಲ ಕಡೆಯೂ ಪ್ರಯೋಜನಕ್ಕೆ ಬರುವುದಿಲ್ಲ ಎಂದು ತೋರಿಸಿದರು. ಚಾಲಕ ಇಳಿದು, ನೋಡಿ, ಮರಳಿ ಬಂದು ಗಾಡಿ ಹೊರಡಿಸುವಷ್ಟರಲ್ಲಿ, ಆಗ ಕಾಣದಿದ್ದ ರೈಲು ಬಂದುಬಿಟ್ಟಿರಬಹುದು. ಎಲ್ಲ ಸಂದರ್ಭಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು, ಆಯಾ ಸ್ಥಳದ ವಾಸ್ತವವನ್ನು ನೋಡಿ ತೀರ್ಮಾನಿಸಬೇಕು ಎಂದರು.

ಹೋಮ್ಸ್ ಹೇಳಿದ್ದೂ ಸರಿ, ಕಾರ್ಡೋಜೊ ಹೇಳಿದ್ದೂ ಸರಿ ಎನಿಸುತ್ತದೆ ಅಲ್ಲವೇ? ಒಬ್ಬರು ರೈಲಿನ ಮಿತಿಯನ್ನು ಎತ್ತಿ ಹಿಡಿದರು, ಇನ್ನೊಬ್ಬರು ಮನುಷ್ಯನ ಮಿತಿಯನ್ನು.

ನಮ್ಮ ಕಾನೂನಿನ ಜಾಣ್ಮೆ

ಈ ಇಕ್ಕಟ್ಟಿಗೆ ನಮ್ಮ ದೇಶದ ಕಾನೂನಿನಲ್ಲಿ ಒಂದು ಉತ್ತರವಿದೆ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಹೀಗೆ ವಿಧಿಸುತ್ತದೆ: ಕಾವಲಿಲ್ಲದ ಕ್ರಾಸಿಂಗಿನ ಬಳಿ ಬಂದ ಪ್ರತಿಯೊಬ್ಬ ಚಾಲಕನೂ ವಾಹನವನ್ನು ನಿಲ್ಲಿಸಬೇಕು. ಕಂಡಕ್ಟರನ್ನೋ ಕ್ಲೀನರನ್ನೋ ವಾಹನದಲ್ಲಿರುವ ಬೇರೆ ಯಾರನ್ನೋ ಹಳಿಯವರೆಗೆ ನಡೆದುಹೋಗಲು ಕಳಿಸಬೇಕು. ಅವರು ಎರಡೂ ದಿಕ್ಕಿನಿಂದ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ವಾಹನವನ್ನು ಮುಂದೆ ನಿಂತು ದಾಟಿಸಬೇಕು. ಬೇರೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು.

ಗಮನಿಸಿ: ನೋಡುವವನು ಬೇರೆ, ಓಡಿಸುವವನು ಬೇರೆ. ಕಾರ್ಡೋಜೊ ಎತ್ತಿದ ಆಕ್ಷೇಪಕ್ಕೆ ಇಲ್ಲಿ ಸಮಾಧಾನವಿದೆ. ನೋಡಿ ಮರಳುವ ಹೊತ್ತಿನಲ್ಲಿ ಹಳಿ ಕಣ್ಮರೆಯಾಗುವುದಿಲ್ಲ; ವಾಹನ ದಾಟುವವರೆಗೂ ಒಬ್ಬನ ಕಣ್ಣು ಹಳಿಯ ಮೇಲೆಯೇ ಇರುತ್ತದೆ. ಒಂದು ಬಸ್ಸಿನಲ್ಲಿ ಇಬ್ಬರು ಸಿಬ್ಬಂದಿ ಇರುವುದು ನಮ್ಮಲ್ಲಿ ಸಾಮಾನ್ಯವಾಗಿದ್ದರಿಂದ ಈ ವ್ಯವಸ್ಥೆ ನಮ್ಮ ರಸ್ತೆಗಳಿಗೆ ಒಪ್ಪುವಂಥದೂ ಆಗಿತ್ತು. ಆರಂಭದಲ್ಲಿ ನೆನಪಿಸಿದ ಕಂಡಕ್ಟರು ಮಾಡುತ್ತಿದ್ದ ಕೆಲಸ ಇದೇ.

ಇದರ ಜೊತೆಗೆ 1989ರ ರೈಲ್ವೆ ಕಾಯ್ದೆಯನ್ನೂ ಓದಬೇಕು. ಅದರ 161ನೇ ಕಲಂ ಪ್ರಕಾರ ಕಾವಲಿಲ್ಲದ ಕ್ರಾಸಿಂಗನ್ನು ನಿರ್ಲಕ್ಷ್ಯದಿಂದ ದಾಟಿದ ಚಾಲಕನಿಗೆ ಒಂದು ವರ್ಷದವರೆಗೆ ಸೆರೆವಾಸ. ನಿರ್ಲಕ್ಷ್ಯವೆಂದರೆ ಏನೆಂದೂ ಅಲ್ಲಿಯೇ ವಿವರಿಸಿದೆ: ರೈಲು ಕಾಣುತ್ತದೆಯೇ ಎಂದು ನೋಡಲು ವಾಹನವನ್ನು ನಿಲ್ಲಿಸದಿರುವುದೇ ನಿರ್ಲಕ್ಷ್ಯ. ಮುಚ್ಚಿದ ಗೇಟನ್ನು ಅಧಿಕಾರವಿಲ್ಲದೆ ತೆರೆದರೆ 160ನೇ ಕಲಂ ಪ್ರಕಾರ ಮೂರು ವರ್ಷದವರೆಗೆ, ಮುರಿದರೆ ಐದು ವರ್ಷದವರೆಗೆ ಸೆರೆವಾಸ ಆಗಬಹುದು.

ಬಸ್ಸಿನೊಳಗೆ ಕುಳಿತವರ ಪಾಡು

ಹಾಗಾದರೆ ಹೊಣೆಯೆಲ್ಲ ಚಾಲಕನದೇ ಎಂದಾಯಿತೇ? ಇಲ್ಲ. 1979ರಲ್ಲಿ ನೆರೆಯ ಕೇರಳದಲ್ಲಿ ಕಾವಲಿಲ್ಲದ ಕ್ರಾಸಿಂಗೊಂದನ್ನು ದಾಟುತ್ತಿದ್ದ ಬಸ್ಸಿಗೆ ರೈಲು ಬಡಿದು ಹತ್ತಾರು ಜನ ಸತ್ತರು. ಪರಿಹಾರದ ವ್ಯಾಜ್ಯ ಬೆಳೆದು ಸರ್ವೋಚ್ಚ ನ್ಯಾಯಾಲಯದವರೆಗೆ ಬಂತು. ತೀರ್ಪು ಬಂದದ್ದು 1997ರಲ್ಲಿ, ಅಪಘಾತವಾಗಿ ಹದಿನೆಂಟು ವರ್ಷಗಳ ನಂತರ.

ಗೇಟು ಇಡುವುದು ಬಿಡುವುದು ಸರ್ಕಾರದ ವಿವೇಚನೆ, ಚಾಲಕ ನೋಡಿ ದಾಟಬೇಕಿತ್ತು ಎಂಬ ವಾದವಿತ್ತು. ನ್ಯಾಯಾಲಯ ಅದನ್ನು ಪೂರ್ತಿ ಒಪ್ಪಲಿಲ್ಲ. ವಾಹನ ಸಂಚಾರ ಹೆಚ್ಚಿರುವ ಕಡೆ ತಕ್ಕ ಎಚ್ಚರಿಕೆಯ ಕ್ರಮ ಕೈಗೊಳ್ಳುವುದು ರೈಲ್ವೆಯ ಕರ್ತವ್ಯ ಎಂದು ಎತ್ತಿಹಿಡಿಯಿತು. ಚಾಲಕ ತಪ್ಪಿದ್ದರೂ ಅವನ ತಪ್ಪನ್ನು ಪ್ರಯಾಣಿಕರ ತಲೆಗೆ ಕಟ್ಟಲಾಗದು ಎಂದೂ ಹೇಳಿತು.

ಈ ಕೊನೆಯ ಮಾತನ್ನು ನಿಧಾನವಾಗಿ ಯೋಚಿಸಿ. ಬಸ್ಸಿನಲ್ಲಿ ಕುಳಿತವನ ಕೈಯಲ್ಲಿ ಸ್ಟಿಯರಿಂಗ್ ಇಲ್ಲ, ಗೇಟೂ ಇಲ್ಲ. ರೈಲ್ವೆ ಮತ್ತು ಚಾಲಕ ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಿರುವಾಗ ನಡುವೆ ಸಿಕ್ಕವನು ಅವನು. ಆದ್ದರಿಂದ ಇಬ್ಬರ ಹೊಣೆಯೆಂದರೆ ಅರ್ಧರ್ಧ ಹಂಚಿಕೊಂಡ ಹೊಣೆಯಲ್ಲ. ಇನ್ನೊಬ್ಬನು ತನ್ನ ಕೆಲಸ ಮಾಡಿರುವುದಿಲ್ಲ ಎಂದೇ ಭಾವಿಸಿ ಪ್ರತಿಯೊಬ್ಬನೂ ಪೂರ್ತಿಯಾಗಿ ಹೊರಬೇಕಾದ ಹೊಣೆ ಅದು.

ಮಕ್ಕಳನ್ನು ಕಳೆದುಕೊಂಡ ಮೇಲೆ

2014ರ ಜುಲೈ 24ರ ಬೆಳಿಗ್ಗೆ ತೆಲಂಗಾಣದ ಮೇದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಕಾವಲಿಲ್ಲದ ಕ್ರಾಸಿಂಗಿನಲ್ಲಿ ಶಾಲಾ ಬಸ್ಸಿಗೆ ರೈಲು ಬಡಿಯಿತು. ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಬಸ್ಸಿನ ಚಾಲಕನೂ ಉಳಿಯಲಿಲ್ಲ. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯಲ್ಲಿ ಅಂಥದೇ ಕ್ರಾಸಿಂಗಿನಲ್ಲಿ ಶಾಲಾ ವ್ಯಾನೊಂದರ 13 ಮಕ್ಕಳು ಪ್ರಾಣ ಕಳೆದುಕೊಂಡರು. ಚಾಲಕ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದನೆಂದೂ, ಅಲ್ಲಿ ನಿಯೋಜಿತನಾಗಿದ್ದ ‘ಗೇಟ್ ಮಿತ್ರ’ ಅವನನ್ನು ತಡೆಯಲು ಯತ್ನಿಸಿದನೆಂದೂ ಆಗ ವರದಿಯಾಯಿತು. 1833ರ ಗಾಡಿಯವನಿಗೆ ಕೊಂಬಿನ ದನಿ ಕೇಳಿಸಲಿಲ್ಲ. ಕೇಳದಂತೆ ಕಿವಿ ಮುಚ್ಚಿಕೊಂಡವನಿಗೆ ಯಾವ ಸಿಳ್ಳೆ ಕೇಳಿಸೀತು?

ಇದಕ್ಕೆ ಮೊದಲೇ, 2012ರಲ್ಲಿ, ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ಉನ್ನತ ಮಟ್ಟದ ರೈಲ್ವೆ ಸುರಕ್ಷತಾ ಸಮಿತಿ ಎಲ್ಲ ಲೆವೆಲ್ ಕ್ರಾಸಿಂಗುಗಳನ್ನೂ ಐದು ವರ್ಷಗಳಲ್ಲಿ ತೆಗೆದುಹಾಕಬೇಕೆಂದು ಶಿಫಾರಸು ಮಾಡಿತ್ತು. ಅಷ್ಟು ಬೇಗ ಅದು ಆಗಲಿಲ್ಲ. ಆದರೆ ಕಾವಲಿಲ್ಲದವುಗಳ ಮಟ್ಟಿಗೆ ಕೆಲಸ ವೇಗ ಪಡೆಯಿತು. ಕೆಲವನ್ನು ಮುಚ್ಚಿದರು, ಕೆಲವಕ್ಕೆ ಕೆಳಸೇತುವೆ ಕಟ್ಟಿದರು, ಕೆಲವಕ್ಕೆ ಗೇಟು ಹಾಕಿ ಕಾವಲು ನೇಮಿಸಿದರು. 2019ರ ಜನವರಿ ಅಂತ್ಯದ ವೇಳೆಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಕ್ರಾಸಿಂಗುಗಳೆಲ್ಲ ಇಲ್ಲವಾದವು. ನಮ್ಮ ರೈಲ್ವೆಯ ಇತಿಹಾಸದಲ್ಲಿ ಇದು ಸಣ್ಣ ಸಾಧನೆಯಲ್ಲ.

ಗೇಟು ಬಂದರೆ ಸಾಕೇ?

ಗೇಟು ಹಾಕಿದಾಕ್ಷಣ ಕಥೆ ಮುಗಿಯಿತೆಂದು ತಿಳಿಯುವ ಹಾಗಿಲ್ಲ. ಇದಕ್ಕೆ ಇಂಗ್ಲೆಂಡಿನ ಹಿಕ್ಸನ್ ಎಂಬ ಊರೇ ಸಾಕ್ಷಿ. ಗೇಟು ಕಾಯುವವನ ಬದಲು, ರೈಲು ಹತ್ತಿರ ಬಂದಾಗ ತಾನಾಗಿಯೇ ಇಳಿಯುವ ಅರ್ಧ ಅಡ್ಡಪಟ್ಟಿಗಳನ್ನು ಅಲ್ಲಿ 1967ರಲ್ಲಿ ಅಳವಡಿಸಿದ್ದರು. ಕೆಂಪು ದೀಪ ಮಿನುಗಿದ 24 ಸೆಕೆಂಡಿಗೆ ರೈಲು ಬರುತ್ತಿತ್ತು. ಸಾಮಾನ್ಯ ವಾಹನಕ್ಕೆ ಅಷ್ಟು ಸಮಯ ಧಾರಾಳ. 1968ರ ಜನವರಿ 6ರಂದು 120 ಟನ್ ತೂಕದ ವಿದ್ಯುತ್ ಟ್ರಾನ್ಸ್‌ಫಾರ್ಮರನ್ನು ಹೊತ್ತ 148 ಅಡಿ ಉದ್ದದ ವಾಹನವೊಂದು ಪೊಲೀಸರ ಬೆಂಗಾವಲಿನಲ್ಲಿ ಅಲ್ಲಿಗೆ ಬಂತು. ಗಂಟೆಗೆ ಎರಡು ಮೈಲಿಯಂತೆ ತೆವಳುತ್ತಿದ್ದ ಅದಕ್ಕೆ ಹಳಿ ದಾಟಲು ಒಂದು ನಿಮಿಷದಷ್ಟು ಬೇಕು. ಅರ್ಧ ದಾಟಿದ್ದಾಗ ದೀಪ ಮಿನುಗಿತು. ಎಕ್ಸ್‌ಪ್ರೆಸ್ ರೈಲು ಬಂದು ಅಪ್ಪಳಿಸಿತು. ಹನ್ನೊಂದು ಜನ ಸತ್ತರು.

ಇಂಥ ವಾಹನದವರು ದಾಟುವ ಮೊದಲು ಸಿಗ್ನಲ್‌ಮನ್‌ಗೆ ದೂರವಾಣಿ ಮಾಡಬೇಕೆಂಬ ಸೂಚನೆಯೂ ಅದಕ್ಕೆಂದೇ ಇಟ್ಟ ದೂರವಾಣಿಯೂ ಅಲ್ಲಿ ಇದ್ದವು. ಆ ಸಂಗತಿ ವಾಹನದವರ ಮನಸ್ಸಿಗೆ ಮುಟ್ಟಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಗೇಟು ಸರಿಯಾಗಿಯೇ ಇಳಿದಿತ್ತು, ಚಾಲಕ ದುಡುಕಿರಲಿಲ್ಲ, ಪೊಲೀಸರೂ ಜೊತೆಗಿದ್ದರು. ಇಲ್ಲದ್ದು ಒಂದೇ: ಒಬ್ಬನಿಗೆ ತಿಳಿದಿದ್ದು ಇನ್ನೊಬ್ಬನಿಗೆ ತಲುಪಿರಲಿಲ್ಲ.

ನಮ್ಮಲ್ಲಿಯೂ ಗೇಟುಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಸಿಗ್ನಲ್ಲಿನೊಂದಿಗೆ ಬೆಸೆದಿರುತ್ತವೆ. ಗೇಟು ಮುಚ್ಚಿ ಬೀಗ ಬೀಳುವವರೆಗೆ ರೈಲಿಗೆ ಹಸಿರು ದೀಪ ಬರುವುದೇ ಇಲ್ಲ. ಇನ್ನು ಕೆಲವು ಹಾಗೆ ಬೆಸೆದಿರುವುದಿಲ್ಲ. ಅಲ್ಲಿ ಸ್ಟೇಷನ್ ಮಾಸ್ಟರು ದೂರವಾಣಿಯಲ್ಲಿ ರೈಲು ಬರುವುದನ್ನು ತಿಳಿಸಿ, ಗೇಟ್‌ಮನ್ ಗೇಟು ಮುಚ್ಚಿ, ಅದಕ್ಕೆ ಗುರುತಾಗಿ ಒಂದು ಗುಪ್ತ ಸಂಖ್ಯೆಯನ್ನು ಹೇಳಬೇಕು. ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿ ಹೀಗೆ ಬೆಸೆಯದ, ಆದರೆ ಕಾವಲಿದ್ದ ಗೇಟಿನಲ್ಲಿಯೇ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ವಿದ್ಯಾರ್ಥಿಗಳು ಸತ್ತರು. ಕಾವಲುಗಾರನಿದ್ದಾನೆಂಬ ನಂಬಿಕೆಯೂ ಒಮ್ಮೊಮ್ಮೆ ಕೈಕೊಡುತ್ತದೆ.

ಪೂರ್ತಿ ಪರಿಹಾರವೆಂದರೆ ರೈಲೂ ರಸ್ತೆಯೂ ಒಂದೇ ಮಟ್ಟದಲ್ಲಿ ಸಂಧಿಸದಿರುವುದು. 1964ರಲ್ಲಿ ಟೋಕಿಯೊ–ಒಸಾಕಾ ನಡುವೆ ಆರಂಭವಾದ ಜಪಾನಿನ ಶಿಂಕಾನ್ಸೆನ್ ಮಾರ್ಗದಲ್ಲಿ ಒಂದೂ ಲೆವೆಲ್ ಕ್ರಾಸಿಂಗ್ ಇಲ್ಲ. ನಮ್ಮಲ್ಲಿ ಮೇಲ್ಸೇತುವೆ, ಕೆಳಸೇತುವೆಗಳು ಒಂದೊಂದಾಗಿ ಬರುತ್ತಿವೆ. ಅವೆಲ್ಲ ಮುಗಿಯುವವರೆಗೆ ಸಾವಿರಾರು ಗೇಟುಗಳು ಇದ್ದೇ ಇರುತ್ತವೆ.

ಅಲ್ಲಿಯವರೆಗೆ ನಾವೇನು ಮಾಡಬಹುದು? ಗೇಟು ಇಳಿಯುತ್ತಿರುವಾಗ ನುಗ್ಗದಿರುವುದು, ಇಳಿದ ಗೇಟಿನ ಕೆಳಗೆ ಸ್ಕೂಟರನ್ನು ವಾಲಿಸಿ ತೂರಿಸದಿರುವುದು, ಬೇಗ ತೆರೆಯೆಂದು ಗೇಟ್‌ಮನ್‌ನನ್ನು ಗದರಿಸದಿರುವುದು ಇವು ಎಲ್ಲರಿಗೂ ಗೊತ್ತಿರುವ ಮಾತು. ಒಂದು ರೈಲು ಹೋದ ಕೂಡಲೇ ಹೊರಡಬೇಡಿ. ಜೋಡಿ ಹಳಿಯಿದ್ದರೆ ಎದುರಿನಿಂದ ಇನ್ನೊಂದು ಬರುತ್ತಿರಬಹುದು. ಮುಂದಿನ ವಾಹನ ಆಚೆ ಸರಿದು ನಿಮಗೆ ಜಾಗವಾಗುವವರೆಗೆ ಹಳಿಯ ಮೇಲೆ ಏರಬೇಡಿ. ಗೇಟು ತೆರೆದಿದ್ದರೂ ಕಿಟಕಿಯ ಗಾಜು ಇಳಿಸಿ, ಹಾಡು ನಿಲ್ಲಿಸಿ, ಎರಡೂ ಕಡೆ ನೋಡಿ. ನಿಮ್ಮ ಮಕ್ಕಳನ್ನು ಕರೆದೊಯ್ಯುವ ಶಾಲಾ ವ್ಯಾನಿನ ದಾರಿಯಲ್ಲಿ ಹಳಿಯಿದ್ದರೆ, ಅಲ್ಲಿ ಅವರು ಹೇಗೆ ದಾಟುತ್ತಾರೆಂದು ಒಂದು ದಿನ ಹೋಗಿ ನೋಡಿ ಬನ್ನಿ. ಅದು ಸಂಶಯವಲ್ಲ, ನಿಮ್ಮ ಹಕ್ಕು.

ಕಂಡಕ್ಟರು ಇಳಿದು ನೋಡಿದ ಆ ಒಂದು ನಿಮಿಷಕ್ಕೆ ನಾವು ಅಂದು ಗೊಣಗಿದ್ದೆವು. ಅವನು ಕೈಬೀಸುತ್ತಿದ್ದುದು ಚಾಲಕನಿಗೆ. ದಾಟುತ್ತಿದ್ದವರು ನಾವು.